ಅಮಾವಾಸ್ಯೆಯ ಮರುದಿನ

ಗೋಕಾಕ
18 ಜೂನ್ 2024

ಪ್ರಿಯ ಶೈಲಾ,

ಈ ಪತ್ರವನ್ನು ಮೊದಲು ಬರೆದಾಗ ಒಂದು ಮಾತನ್ನು ಬಿಟ್ಟಿದ್ದೆ. ನಿನ್ನ ಕಾರ್ಡು ತಲುಪಿತು, ಹುಕ್ಕೇರಿಯ ಹತ್ತಿರದ ಹಳ್ಳಿಯಲ್ಲಿ ನೀನು ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುತ್ತಿರುವುದು ತಿಳಿದು ಸಂತೋಷವಾಯಿತು ಎಂದೆಲ್ಲ ಬರೆದು, ಅಂಟು ಹಚ್ಚಿ, ವಿಳಾಸವನ್ನೂ ಬರೆದು ಮುಗಿಸಿದ್ದೆ. ಆಮೇಲೆ ಲಕೋಟೆ ಹರಿದೆ. ಬಿಟ್ಟ ಮಾತನ್ನು ಈ ಸಲ ಮೊದಲೇ ಬರೆಯುತ್ತೇನೆ. ಇಲ್ಲದಿದ್ದರೆ ಕೊನೆಯಲ್ಲಿ ಜಾಗ ಉಳಿಯಲಿಲ್ಲ ಎಂಬ ನೆಪ ಸಿಕ್ಕಿಬಿಡುತ್ತದೆ.

ಹದಿಮೂರು ವರ್ಷದ ಹಿಂದೆ ನಿನ್ನ ನರ್ಸಿಂಗ್ ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ. ಅದು ಹೋಗಲೇ ಇಲ್ಲ. ನಾನು ಕಳಿಸಲಿಲ್ಲ. "ಸೀಟು ಬರಲಿಲ್ಲ" ಎಂದು ನಿನಗೆ ಹೇಳಿದ್ದು ಸುಳ್ಳು.

ನಿನ್ನ ಕಾರ್ಡಿನ ಒಂದು ಸಾಲು ಇದನ್ನು ಬರೆಸುತ್ತಿದೆ. ಗ್ರಂಥಾಲಯದ ಮಕ್ಕಳಿಗೆ ಕಾಗದ ಬರೆಯುವುದನ್ನು ಕಲಿಸುತ್ತಿದ್ದಾಗ, "ಟೀಚರ್, ನೀವ್ಯಾರಿಗೆ ಬರೀತೀರಿ?" ಎಂದು ಅವರು ಕೇಳಿದರೆಂದೂ, "ನನಗೆ ಮೊದಲ ಸಲ ಕಂಪ್ಯೂಟರ್ ಮುಟ್ಟಲು ಕೊಟ್ಟವರಿಗೆ" ಎಂದು ನೀನು ಹೇಳಿದೆಯೆಂದೂ ಬರೆದಿದ್ದೀಯೆ. ಆ ಸಾಲು ಓದಿ, ಕಾರ್ಡನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟೆ. ಮತ್ತೆ ತೆಗೆದು ಓದಿದೆ. ಹೀಗೆ ಒಂಬತ್ತು ದಿನ.

ಆ ದಿನ ನಿನಗೆ ನೆನಪಿರಬಹುದು. 2011ರ ಜುಲೈ ಒಂದು, ಮಣ್ಣೆತ್ತಿನ ಅಮಾವಾಸ್ಯೆ. ಕೌಜಲಗಿಯಿಂದ ನೀನೂ ನಿಮ್ಮವ್ವ ಲಗಮವ್ವನೂ ಬಸ್ಸಿನಲ್ಲಿ ಬಂದಿರಿ. ನಮ್ಮ ಇಂಟರ್‌ನೆಟ್ ಸೆಂಟರಿನಲ್ಲಿ ಆಗ ಆರು ಗೂಡು, ಆರು ಕಂಪ್ಯೂಟರ್, ಎಲ್ಲಕ್ಕೂ ಒಂದೇ ಲೈನು. ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕಾದು ಒಳಗೆ ಬಂದಿರಿ. ನಿನ್ನ ಫೋಟೋ ಏರಿಸಿ, ಅಂಕಪಟ್ಟಿ ಏರಿಸಿ, ಎಲ್ಲ ಮುಗಿದು, ಇನ್ನು ಕೊನೆಯ ಗುಂಡಿ ಒತ್ತಬೇಕು ಎನ್ನುವಾಗ ನಿಮ್ಮವ್ವ ನನ್ನ ಕೈ ಹಿಡಿದಳು.

"ಬಾಯಾರ, ಇವತ್ತ ಅಮಾಸಿ ಐತ್ರಿ. ಹುಡಿಗಿದ ಬಾಳೇದ ಕೆಲಸ. ಇವತ್ತ ಕಳಸಬ್ಯಾಡ್ರಿ, ನಾಳೆ ಕಳಸ್ರಿ."

ಕೊನೆಯ ದಿನ ಮರುದಿನವೇ ಆಗಿತ್ತು, ಸಂಜೆ ಐದೂವರೆಯವರೆಗೆ. ನಾನು ಒಪ್ಪಿಕೊಂಡೆ. ನೀವು ಊರಿಗೆ ಹೋದಿರಿ. ಮರುದಿನ ರಸ್ತೆ ಅಗೆಯುವವರು ತಂತಿ ಕತ್ತರಿಸಿದ್ದರು. ಬೆಳಗಿನಿಂದ ಲೈನು ಇರಲಿಲ್ಲ. ಬಂದಾಗ ತಡವಾಗಿತ್ತು.

ನಿನಗೆ ಆಗಲೇ ಹೇಳಬೇಕಿತ್ತು. ಹೇಳದೆ ಹೋದದ್ದಕ್ಕೆ ಕಾರಣ ಹುಡುಕಿದರೆ, ಹೆದರಿಕೆ ಎನ್ನುವುದಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ. ಕೌಜಲಗಿಯಿಂದ, ಮಮದಾಪುರದಿಂದ ಜನ ನನ್ನನ್ನು ನಂಬಿ ಬರುತ್ತಿದ್ದರು. ಇಂಗ್ಲಿಷ್ ಸಾಲಿ ಕಲಿತವಳು, ತಪ್ಪು ಮಾಡುವುದಿಲ್ಲ ಎಂದು.

ಈಗ ಸೆಂಟರಿನಲ್ಲಿ ಒಂದೇ ಗೂಡು ಉಳಿದಿದೆ. ಮಿಕ್ಕ ಜಾಗದಲ್ಲಿ ನಮ್ಮ ಮನೆಯವರು ಶೀತಲ್ ಮಾರಲು ನೋಟ್‌ಬುಕ್ಕು ತುಂಬಿದ್ದಾರೆ. ಎಲ್ಲರ ಕೈಯಲ್ಲೂ ಫೋನಿದೆ, ಡೇಟಾ ಅಗ್ಗವಾಗಿದೆ, ಹೊರಗಿನ ಬೆಂಚಿನ ಮೇಲೆ ಬಸ್ಸು ಕಾಯುವವರು ಕೂರುತ್ತಾರೆ. ಗಿರಾಕಿ ಹೋದರೆಂದು ಗಂಡನಿಗೆ ಬೇಸರ. ನನಗೆ, ನಿಜ ಹೇಳಬೇಕೆಂದರೆ, ಹಗುರ. ಯಾರ ಕೊನೆಯ ಗುಂಡಿಯೂ ಈಗ ನನ್ನ ಬೆರಳಿಗೆ ಕಾಯುವುದಿಲ್ಲ.

ಫೋನ್ ಮಾಡಬಹುದಿತ್ತು. ವಾಟ್ಸಾಪಿನಲ್ಲಿ ಬರೆದೂ ನೋಡಿದೆ, ಬರೆದದ್ದೆಲ್ಲ ಅಳಿಸಿದೆ. ನೀನು ಕಾರ್ಡು ಬರೆದೆ, ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ. ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ
ಪ್ರಣಿತಾ


ಹುಕ್ಕೇರಿ
6 ಸೆಪ್ಟೆಂಬರ್ 2024

ಅಕ್ಕಾರ,

ನಿಮ್ಮ ಪತ್ರ ಬಂದು ಎರಡೂವರೆ ತಿಂಗಳಾಯಿತು. ಉತ್ತರ ಬರೆಯಬೇಕೆಂದಿಲ್ಲ ಎಂದಿದ್ದಿರಿ, ಅದಕ್ಕೆ ಬರೆಯಲಿಲ್ಲ. ಸಿಟ್ಟು ಬಂದಿತ್ತು ಎನ್ನುವುದೂ ಖರೆ.

ನನ್ನ ಸಿಟ್ಟು ಯಾವುದರ ಮೇಲೆ ಎಂದು ನನಗೇ ಮೊದಲು ತಿಳಿಯಲಿಲ್ಲ. ಸೀಟು ಹೋದದ್ದಕ್ಕಲ್ಲ. ಅರ್ಜಿ ಹೋಗಿದ್ದರೂ ಸೀಟು ಬರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಹದಿಮೂರು ವರ್ಷ ನನ್ನ ಮಾರ್ಕ್ಸು ಸಾಲಲಿಲ್ಲ ಎಂದು ನಂಬಿದ್ದೆ. ಕೆಮಿಸ್ಟ್ರಿಯಲ್ಲಿ ಇನ್ನೊಂದು ನಾಲ್ಕು ಬಂದಿದ್ದರೆ ಎಂದುಕೊಳ್ಳುತ್ತ ರೊಟ್ಟಿ ಬಡಿದಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಯಾರಾದರೂ ಎಷ್ಟು ಓದಿದ್ದಿ ಎಂದರೆ "ಹನ್ನೆರಡನೇತ್ತ, ಮುಂದ ತಲಿ ಓಡಲಿಲ್ಲ" ಎಂದು ನಾನೇ ನಗುತ್ತ ಹೇಳುತ್ತಿದ್ದೆ. ನನ್ನ ತಲೆ ಓಡಿತ್ತು ಅಕ್ಕಾರ. ಅದನ್ನು ತಿಳಿಯಲು ನಿಮ್ಮ ಕಾಗದ ಬರಬೇಕಾಯಿತು.

ಈ ಮಾತನ್ನು ನಮ್ಮ ಮನೆಯವರಿಗೆ ಹೇಳಿದೆ. ಅಶೋಕ ಅವರದು ಕಡಿಮೆ ಮಾತು. ಪತ್ರವನ್ನು ಎರಡು ಸಲ ಓದಿ, "ಬರದಾರಲ್ಲ, ಅದ ದೊಡ್ಡದ. ಬರೀದಿದ್ರ ನಿನಗೇನ ಗೊತ್ತಾಗ್ತಿತ್ತು?" ಎಂದರು. ಅದಕ್ಕೂ ಸಿಟ್ಟು ಬಂತು. ನನ್ನ ಕಡೆ ಮಾತಾಡಬೇಕಾದವರು ನಿಮ್ಮ ಕಡೆ ಮಾತಾಡಿದರೆಂದು.

ನಾನು ಬಿ.ಎ. ಮಾಡಿದ್ದನ್ನು ಕಾರ್ಡಿನಲ್ಲಿ ಬರೆದಿರಲಿಲ್ಲ, ಜಾಗ ಇರಲಿಲ್ಲ. ಡೇಟಾ ಅಗ್ಗವಾದ ವರ್ಷ ಅಶೋಕ ಅವರು ಒಂದು ಫೋನು ತಂದರು. ದೂರಶಿಕ್ಷಣಕ್ಕೆ ಹೆಸರು ಹಚ್ಚಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಪಾಠ ಕೇಳಿದೆ. ಪರದೆಯ ಮೇಲೆಲ್ಲ ಜೋಳದ ಹಿಟ್ಟು. ಅತ್ತೆ, "ಫೋನಿಗೂ ರೊಟ್ಟಿ ಮಾಡಿ ಹಾಕ ಶೈಲಾ" ಎಂದು ಚಾಷ್ಟಿ ಮಾಡುತ್ತಿದ್ದರು. ಆ ಅರ್ಜಿಯ ಕೊನೆಯ ಗುಂಡಿಯನ್ನು ನಾನೇ ಒತ್ತಿದೆ. ಆಗ ನಿಮ್ಮ ನೆನಪಾಗಿತ್ತು, ಒಳ್ಳೆಯ ರೀತಿಯಲ್ಲಿ.

ಗ್ರಂಥಾಲಯದಲ್ಲಿ ಈಗ ನಾಲ್ಕು ಕಂಪ್ಯೂಟರ್. ನೆಟ್ಟು ಪುಕ್ಕಟೆ. ಮೊನ್ನೆ ಅಲ್ಲವ್ವ ಎಂಬ ಅಜ್ಜಿ ಬಂದು, "ನನ್ನ ಪೆನ್ಶನ್ ಎಲ್ಲಿ ಕುಂತೈತಿ ತೋರಸ" ಎಂದಳು. ತೋರಿಸಿದೆ. ಓದಲು ಬಾರದಿದ್ದರೂ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ? ಇಲ್ಲೇ ಕುಂತೈತಿ? ಏಳಂತ ಹೇಳ ಅದಕ್ಕ" ಎಂದಳು. ಎಲ್ಲರೂ ನಕ್ಕೆವು. ಅಷ್ಟು ಹೊತ್ತು ನಿಮ್ಮ ಮೇಲಿನ ಸಿಟ್ಟು ಮರೆತಿತ್ತು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೊನ್ನೆ ಸೋಮವಾರ, ಅಮಾವಾಸ್ಯೆಯ ದಿನ, ಅವ್ವ ಕೌಜಲಗಿಯಲ್ಲಿ ತಲೆ ತಿರುಗಿ ಬಿದ್ದಳು. ಅವಳಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಆದರೂ ಪ್ರತಿ ಅಮಾವಾಸ್ಯೆಗೆ ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಗುಳಿಗೆ ನುಂಗುತ್ತಾಳೆ, ಊಟ ಇಲ್ಲ. ಇದು ಎರಡನೆಯ ಸಲ ಬಿದ್ದದ್ದು. ಡಾಕ್ಟರು ಈ ಸಲ ಗಟ್ಟಿಯಾಗಿ ಹೇಳಿದ್ದಾರೆ, ಮತ್ತೆ ಹೀಗೆ ಮಾಡಿದರೆ ಎದ್ದು ಬರುವುದು ಕಷ್ಟ ಎಂದು. ಅವಳು ಕೇಳುವುದಿಲ್ಲ. ಕುರಿಗಳ ಸಲುವಾಗಿ ಹರಕೆ ಎನ್ನುತ್ತಾಳೆ. ತಮ್ಮ ಲಖನನ ಹೆಂಡತಿ ಕರೆವ್ವ, "ಕುರಿ ಮೇಯಾಕತ್ತಾವ, ನೀ ಯಾಕ ಉಪಾಸ?" ಎಂದು ಜಗಳವಾಡಿದಳು. ಅದಕ್ಕೂ ಜಗ್ಗಲಿಲ್ಲ.

ನಾನು ಲೆಕ್ಕ ಹಾಕಿದೆ. ಈ ಉಪವಾಸ ಶುರುವಾದದ್ದು ಆ ವರ್ಷ, ಸೀಟು ಬರಲಿಲ್ಲ ಎಂದು ನೀವು ಹೇಳಿದ ಆಗಸ್ಟಿನ ಅಮಾವಾಸ್ಯೆಯಿಂದ. ನಿಮ್ಮ ಹೆಸರು ತೆಗೆದರೆ ಅವ್ವ ಮಾತು ತಿರುಗಿಸುತ್ತಾಳೆ. ನಿಮ್ಮ ಪತ್ರದ ವಿಷಯ ಅವಳಿಗೆ ನಾನು ಹೇಳಿಲ್ಲ.

ನಿಮಗೆ ಏನಾದರೂ ಗೊತ್ತೇ? ಮುಂದಿನ ಅಮಾವಾಸ್ಯೆ ಅಕ್ಟೋಬರ್ ಎರಡು.

ಶೈಲಾ


ಗೋಕಾಕ
19 ಸೆಪ್ಟೆಂಬರ್ 2024

ಪ್ರಿಯ ಶೈಲಾ,

ಗೊತ್ತು.

ನಿನ್ನ ಪತ್ರ ಬಂದಾಗ ನಮ್ಮ ಜೈನರಲ್ಲಿ ದಶಲಕ್ಷಣ ಪರ್ವ ನಡೆದಿತ್ತು. ಅತ್ತೆ ಸೀತಾಬಾಯಿ ಈ ವಯಸ್ಸಿನಲ್ಲೂ ಹತ್ತು ದಿನ ಒಪ್ಪತ್ತು ಮಾಡಿದರು. ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಬರುತ್ತದೆ. ನಾನು ಚಿಕ್ಕವಳಿದ್ದಾಗ ಮನೆಮನೆಗೆ ಹೋಗಿ, ಎದುರಿಗೆ ನಿಂತು, ಕೈ ಮುಗಿದು ಕೇಳಬೇಕಿತ್ತು. ಈಗ ಹೂವಿನ ಚಿತ್ರದ ಮೇಲೆ "ಉತ್ತಮ ಕ್ಷಮಾ" ಎಂದು ಬರೆದದ್ದು ಫೋನಿಗೆ ಬರುತ್ತದೆ, ಅದನ್ನೇ ಮುಂದಕ್ಕೆ ಕಳಿಸುತ್ತೇವೆ. ನಿನ್ನೆ ಬೆಳಿಗ್ಗೆ ಕಾಲು ಗಂಟೆಯಲ್ಲಿ ನೂರಾ ಎಂಬತ್ತು ಜನರ ಕ್ಷಮೆ ಕೇಳಿ ಮುಗಿಸಿದ್ದೆ. ಆಮೇಲೆ ನಿನ್ನ ಪತ್ರವನ್ನು ಮತ್ತೆ ತೆಗೆದೆ.

ಜೂನ್ ಪತ್ರದಲ್ಲಿ ನಾನು ಪೂರ್ತಿ ನಿಜ ಬರೆಯಲಿಲ್ಲ. ಲೈನು ಬಂದಾಗ ತಡವಾಗಿತ್ತು ಎಂದು ಬರೆದೆ. ತಡವಾಗಿರಲಿಲ್ಲ.

ಗೂಡು ಕೀಳಿಸುವಾಗ ಹಳೆಯ ರಿಜಿಸ್ಟರು ಸಿಕ್ಕಿತು. ಯಾರು, ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಎದ್ದರು ಎಂದು ಸಹಿ ಮಾಡಿಸುತ್ತಿದ್ದೆವಲ್ಲ, ಅದು. 2011ರ ಜುಲೈ ಎರಡರ ಪುಟದಲ್ಲಿ ಬೆಳಗ್ಗಿನಿಂದ ಒಂದೂ ಹೆಸರಿಲ್ಲ. ನಾಲ್ಕು ಹತ್ತಕ್ಕೆ ಒಂದು ಹೆಸರಿದೆ: ತೇಜಸ. ಎದ್ದದ್ದು ಐದು ಇಪ್ಪತ್ತೈದಕ್ಕೆ. ಬರವಣಿಗೆ ನನ್ನದೇ.

ತೇಜಸ ನನ್ನ ನಾದಿನಿಯ ಮಗ. ಎಂಜಿನಿಯರಿಂಗ್ ಕಾಲೇಜುಗಳ ಆಯ್ಕೆಪಟ್ಟಿ ತುಂಬಬೇಕಿತ್ತು. ಅವನ ಕೊನೆಯ ದಿನಕ್ಕೆ ಇನ್ನೂ ನಾಲ್ಕು ದಿನ ಇತ್ತು. ನಿನ್ನ ಕೊನೆಯ ದಿನ ಅವತ್ತೇ. ಲೈನು ಬಂದ ಕೂಡಲೇ ನಾದಿನಿ, "ಮೊದಲ ನಮ್ಮ ತೇಜೂಂದ ನೋಡಿಬಿಡ ವಹಿನಿ" ಎಂದಳು. ನಾನು ನಿನ್ನ ಅರ್ಜಿಯನ್ನು ಮರೆತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಇಷ್ಟು ವರ್ಷ ಬೇಕಾಯಿತು. ನೆನಪಿತ್ತು. ಒಂದೇ ಗುಂಡಿ, ಎರಡು ನಿಮಿಷದ ಕೆಲಸ, ಇವನದು ಮುಗಿಯಲಿ ಎಂದುಕೊಂಡೆ. ಆ ದಿನಗಳಲ್ಲಿ ಒಂದು ಕಂಪ್ಯೂಟರಿನಲ್ಲಿ ಕೆಲಸ ನಡೆದರೆ ಮಿಕ್ಕ ಐದು ತೆವಳುತ್ತಿದ್ದವು, ಅದಕ್ಕೆ ಬೇರೆ ಯಾವುದನ್ನೂ ಹಚ್ಚಲಿಲ್ಲ. ಪಟ್ಟಿ ತುಂಬಿದ ಮೇಲೆ ಎಲ್ಲರೂ ಚಹಾ ಕುಡಿದೆವು. ಸೂರ್ಯ ಮುಳುಗುವ ಮುನ್ನ ಊಟಕ್ಕೆ ಕೂತಾಗ, ತಾಟಿನ ಮುಂದೆ, ನನಗೆ ಗಡಿಯಾರ ಕಂಡಿತು. ಐದೂವರೆ ದಾಟಿಹೋಗಿತ್ತು.

ತೇಜಸ ಎರಡನೆಯ ವರ್ಷಕ್ಕೇ ಕಾಲೇಜು ಬಿಟ್ಟ. ಈಗ ಪಂಪ್‌ಸೆಟ್ಟಿನ ಅಂಗಡಿ ಇಟ್ಟು ಚೆನ್ನಾಗಿದ್ದಾನೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಹೊಡೆದು ಹಾಕಬೇಕೆನಿಸಿತು, ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ಇದೆ, ಅದು ಇದಕ್ಕಿಂತ ಕೆಟ್ಟದ್ದು. ಆಗಸ್ಟಿನಲ್ಲಿ ಫಲಿತಾಂಶ ಕೇಳಲು ನೀವಿಬ್ಬರೂ ಬಂದಿರಿ. ಸೀಟು ಬರಲಿಲ್ಲ ಎಂದೆ. ನೀನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ನಿಮ್ಮವ್ವ ಒಳಗೇ ನಿಂತಿದ್ದಳು. "ಯಾಕ ಹಿಂಗಾತ್ರಿ ಬಾಯಾರ?" ಎಂದು ಕೇಳಿದಳು. ಆ ಕ್ಷಣ ನನ್ನ ಬಾಯಿಂದ ಬಂದದ್ದು ಇದು: "ಅವತ್ತ ಕಳಸಿದ್ರ ಬರ್ತಿತ್ತೇನೋ ಅವ್ವಾ."

ಅಷ್ಟೇ. ಅಮಾವಾಸ್ಯೆಯ ಹೆಸರನ್ನೂ ತೆಗೆಯಲಿಲ್ಲ. ತೆಗೆಯುವ ಅಗತ್ಯವಿರಲಿಲ್ಲ. ಅವಳು ಬಹಳ ಹೊತ್ತು ಕೀಬೋರ್ಡನ್ನೇ ನೋಡಿದಳು. ಆಮೇಲೆ, "ಇದನ್ನ ಹುಡಿಗಿಗೆ ಹೇಳಬ್ಯಾಡ್ರಿ. ನನ್ನಿಂದ ಹಿಂಗಾತು ಅಂತ ತಿಳದರ ಸಾಯೂತನಕಾ ನನ್ನ ಮಾರಿ ನೋಡಂಗಿಲ್ಲ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನನಗೆ ಸಮಾಧಾನವಾಗಿತ್ತು ಶೈಲಾ. ಇನ್ನು ನೀವಿಬ್ಬರೂ ಕೂತು ಮಾತಾಡಿ ನಿಜ ಹೊರಗೆ ತೆಗೆಯುವುದಿಲ್ಲ ಎಂದು.

ಅವಳು ಇಷ್ಟು ವರ್ಷ ಇದನ್ನು ಹೊಟ್ಟೆಯ ಮೇಲೆ ತೀರಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? ಹೌದು ಎಂದು ಬರೆಯಲು ಪೆನ್ನು ಎತ್ತಿದೆ. ಹಾಗೇ ಇಳಿಸಿದೆ.

ನೀನು ಈ ಪತ್ರವನ್ನು ಅವಳಿಗೆ ಓದಿ ಹೇಳಿದರೆ ಸಾಕಾಗಬಹುದು. ಆದರೆ ಹೇಳಬೇಕಾದವಳು ನಾನು, ಎದುರಿಗೆ ನಿಂತು. ಅಕ್ಟೋಬರ್ ಎರಡರ ಒಳಗೆ. ನೀನು ಬೇಡ ಎಂದರೆ ಹೋಗುವುದಿಲ್ಲ. ಅವಳು ಎಲ್ಲಿದ್ದಾಳೆ ತಿಳಿಸು.

ಪ್ರಣಿತಾ


ಹುಕ್ಕೇರಿ
24 ಸೆಪ್ಟೆಂಬರ್ 2024

ಅಕ್ಕಾರ,

ಅವ್ವ ಮೂಡಲಗಿ ಹತ್ತಿರ ಇದ್ದಾಳೆ. ಹೆಸರುಕಾಳಿನ ಬೆಳೆ ಕಿತ್ತ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ನಮ್ಮ ಕುರಿ ಕೂಡಿಸಿದ್ದಾರೆ. ಮನೆಯಲ್ಲಿರು ಎಂದರೂ ಕೇಳದೆ ಲಖನ, ಕರೆವ್ವರ ಜೊತೆ ಹೋಗಿದ್ದಾಳೆ. ಅವಳ ನಂಬರನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಓದಲು ಬರುವುದಿಲ್ಲ, ವಾಯ್ಸ್ ಕಳಿಸಿರಿ.

ನಾನು ಏನೂ ಹೇಳಿಲ್ಲ. ನೀವೇ ಹೇಳಿರಿ. ಅವಳು ಬೈದರೆ ಬೈಸಿಕೊಳ್ಳಿರಿ.

ನಿಮ್ಮ ಪತ್ರ ಓದಿ ಅತ್ತದ್ದು ನಿಮ್ಮ ಸಲುವಾಗಿ ಅಲ್ಲ, ತೇಜಸನ ಸಲುವಾಗಿಯೂ ಅಲ್ಲ. "ನನ್ನ ಮಾರಿ ನೋಡಂಗಿಲ್ಲ" ಎಂದಳಂತಲ್ಲ, ಅದಕ್ಕೆ.

ಶೈಲಾ


ಗೋಕಾಕ
2 ಅಕ್ಟೋಬರ್ 2024

ಪ್ರಿಯ ಶೈಲಾ,

ನಿಮ್ಮವ್ವ ಇವತ್ತು ಊಟ ಮಾಡಿದಳು. ನಿನಗೆ ಈಗಾಗಲೇ ತಿಳಿದಿರುತ್ತದೆ. ಆದರೂ ಮೊದಲು ಇದನ್ನೇ ಬರೆಯಬೇಕೆನಿಸಿತು.

ಭಾನುವಾರ ಬೆಳಿಗ್ಗೆ ಮೂಡಲಗಿಗೆ ಬಸ್ಸಿನಲ್ಲಿ ಹೋದೆ. ಹೊಲ ಯಾವ ದಿಕ್ಕಿಗೆ ಎಂದು ಹಿಂದಿನ ದಿನ ವಾಯ್ಸ್ ಕಳಿಸಿ ಕೇಳಿದ್ದೆ. ಉತ್ತರವಾಗಿ ಲೊಕೇಶನ್ ಬಂತು, ಹಿಂದೆಯೇ ಅವಳ ಧ್ವನಿ: "ಈ ಗೆರಿ ಹಿಡದ ಬರ್ರಿ ಬಾಯಾರ. ಎಡಕ ಬೇವಿನ ಗಿಡ ಬರತೈತಿ. ಅಲ್ಲಿ ನೆಟ್ಟ ಹೋಗತೈತಿ, ಹೆದರಬ್ಯಾಡ್ರಿ, ಮುಂದ ಬಂದ್ರ ಮತ್ತ ಬರತೈತಿ." ಇಪ್ಪತ್ತು ವರ್ಷ ಇಂಟರ್‌ನೆಟ್ ಸೆಂಟರ್ ನಡೆಸಿದ ನಾನು ಹೊಲದ ದಾರಿಯಲ್ಲಿ ಫೋನನ್ನು ಉಲ್ಟಾ ಹಿಡಿದು ಒಮ್ಮೆ ದಾರಿ ತಪ್ಪಿದೆ. ಬೇವಿನ ಮರದ ಹತ್ತಿರ ಅವಳು ಹೇಳಿದಂತೆಯೇ ನೆಟ್ಟು ಹೋಯಿತು, ಮುಂದೆ ಬಂತು.

ಕುರಿಗಳನ್ನು ಲಖನ ಮೇಯಿಸಲು ಹೊಡೆದುಕೊಂಡು ಹೋಗಿದ್ದ. ಸುತ್ತ ಬಲೆ ಕಟ್ಟಿದ ದೊಡ್ಡಿಯೊಳಗೆ ಮರಿಗಳಿದ್ದವು. ಕರೆವ್ವ ಒಲೆಯ ಮುಂದೆ. ಸೋಲಾರ್ ತಗಡಿನ ಕೆಳಗೆ ನೆರಳಿನಲ್ಲಿ ಮೂರು ಫೋನು ಚಾರ್ಜಿಗೆ. ನಿಮ್ಮವ್ವ ತೆಳ್ಳಗಾಗಿದ್ದಾಳೆ, ಕಣ್ಣು ಮಾತ್ರ ಹಾಗೆಯೇ ಇವೆ. ಕಂಬಳಿ ಹಾಸಿದಳು.

"ಕುಂಡರ್ರಿ. ನಿಮ್ಮ ಅಂಗಡ್ಯಾಗ ನಮ್ಮನ್ನ ಹೊರಗ ಬೆಂಚಿನ ಮ್ಯಾಲ ಕಾಯಸ್ತಿದ್ರಿ. ನಾ ನಿಮ್ಮನ್ನ ಕಾಯಸಂಗಿಲ್ಲ" ಎಂದು ನಕ್ಕಳು. "ಏನ ಬಂದ್ರಿ ಇಷ್ಟ ದೂರ? ಸೆಂಟರ ಮುಚ್ಚಿ ಕುರಿ ಕಾಯಾವ್ರೇನ?"

ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ರಿಜಿಸ್ಟರಿನ ಆ ಪುಟ ತಂದಿದ್ದೆ, ಅವಳು ಓದುವುದಿಲ್ಲ ಎನ್ನುವುದನ್ನೂ ಯೋಚಿಸದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ತಂತಿ ಕತ್ತರಿಸಿದ್ದು, ನಾಲ್ಕು ಗಂಟೆಗೆ ಲೈನು ಬಂದದ್ದು, ತೇಜಸ, ಚಹಾ.

"ಹೊತ್ತ ಇತ್ತೇನ್ರಿ?" ಎಂದಳು ಕೊನೆಗೆ.

"ಇತ್ತ ಅವ್ವಾ. ಒಂದ ತಾಸಿನ ಮ್ಯಾಲ ಇತ್ತ."

"ಹಂಗಾರ ಅಮಾಸಿದಲ್ಲ ತಪ್ಪ."

"ಅಲ್ಲ."

"ನಂದ?"

"ನಿಮ್ಮದೂ ಅಲ್ಲ. ನಾಳೆ ಕಳಸ್ರಿ ಅಂದ್ರಿ, ನಾಳೆಗೆ ಹೊತ್ತ ಇತ್ತ. ಕಳಸಲಾರದಕ್ಕಿ ನಾ. ಆಮ್ಯಾಲ ನಿಮ್ಮ ಮ್ಯಾಲ ಹಾಕಿದಕ್ಕೀನೂ ನಾನ."

ಅವಳು ಎದ್ದು ಬಲೆಯ ಹತ್ತಿರ ಹೋದಳು. ಒಂದು ಮರಿಯನ್ನು ಎತ್ತಿದಳು, ಇಳಿಸಿದಳು, ಇನ್ನೊಂದನ್ನು ಎತ್ತಿದಳು. ಬೆನ್ನು ನನ್ನ ಕಡೆ. ಕರೆವ್ವ ಒಲೆಯ ಮುಂದಿನಿಂದ ನನ್ನನ್ನು ನೋಡುತ್ತಿದ್ದಳು. ರೊಟ್ಟಿ ಹೊತ್ತಿದ ವಾಸನೆ ಬಂತು, ಯಾರೂ ಅಲುಗಲಿಲ್ಲ. ಆಮೇಲೆ ನಿಮ್ಮವ್ವ ತಿರುಗಿದಳು.

"ಅಷ್ಟ ಸಾಲಿ ಕಲತ್ರಿ ನೀವ. ಇಂಗ್ಲಿಷ ಸಾಲಿ! ಒಂದ ಗುಂಡಿ ಒತ್ತಾಕ ಬರಲಿಲ್ಲೇನ್ರಿ ನಿಮಗ?"

ನಾನು ರಿಜಿಸ್ಟರಿನ ಪುಟವನ್ನು ಮಡಚಿದೆ.

"ಹದಿಮೂರ ವರ್ಷ! ಹಬ್ಬಾ ಬಂದ್ರ ಎಲ್ಲಾರೂ ಹೋಳಗಿ ತಿನ್ನೂದು, ನಾ ನೀರ ಕುಡಿಯೂದು. ಎಷ್ಟ ಅಮಾಸಿ ಆದುವು ಹೇಳ್ರಿ, ನಿಮಗ ಬರತೈತೆಲ್ಲಾ."

"ನೂರಾ ಅರವತ್ತರ ಮ್ಯಾಲ" ಎಂದೆ. ಬಸ್ಸಿನಲ್ಲಿ ಎಣಿಸಿದ್ದೆ.

"ಏ ಕರೆವ್ವಾ, ಕೇಳಿದೇನ? ನೂರಾ ಅರವತ್ತ ಊಟ! ಬಾಯಾರ ಕಡೆಯಿಂದ ವಸೂಲ ಮಾಡಬೇಕ ನಾ."

ಕರೆವ್ವ, "ಮೊದಲ ಇದನ್ನ ತಿನ್ನು ಅತ್ತಿ" ಎಂದು ಹೊತ್ತಿದ ರೊಟ್ಟಿಯನ್ನು ಎತ್ತಿ ತೋರಿಸಿದಳು. ನಿಮ್ಮವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು, ಬಹಳ ಹೊತ್ತು ಒರೆಸಿಕೊಂಡಳು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ನನ್ನ ರಟ್ಟೆ ಹಿಡಿದು, "ಬಿಡ್ರಿ ಬಿಡ್ರಿ, ಸೀರಿಗೆ ಹಿಕ್ಕಿ ಹತ್ತತೈತಿ" ಎಂದು ನಿಲ್ಲಿಸಿದಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ವಿಷಯ ನಿನಗೆ ತಿಳಿಯಬೇಕು. ಭಾನುವಾರ ಹನ್ನೊಂದೂವರೆಗೆ ಅವಳ ಫೋನಿನಿಂದ ನಿನಗೊಂದು ವಾಯ್ಸ್ ಬಂದಿರಬೇಕು, ಮಾತಿಲ್ಲದ್ದು. ಅದು ತಪ್ಪಿ ಒತ್ತಿದ್ದಲ್ಲ. "ಹುಡಿಗಿಗೆ ನಾನ ಹೇಳತೀನಿ" ಎಂದು ಫೋನು ತೆಗೆದುಕೊಂಡಳು. ಗುಂಡಿ ಒತ್ತಿ ಹಿಡಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಹಾಗೇ ಹಿಡಿದುಕೊಂಡೇ ಇದ್ದಳು. ಮರಿಯ ಕೊರಳ ಗಂಟೆಯೊಂದು ಅಲುಗುತ್ತಿತ್ತು. ಆಮೇಲೆ ಬೆರಳು ತೆಗೆದಳು. ಕಳಿಸಿದ್ದೂ ಅವಳೇ, ನೋಡಿಕೊಂಡೇ ಕಳಿಸಿದಳು.

ಬಾಲ್ಯದಿಂದ ನಾನು ಕಲಿತದ್ದು, ತಪ್ಪಿಗೆ ಒಂದು ಶಿಕ್ಷೆ ಇರುತ್ತದೆ, ಅದನ್ನು ಅನುಭವಿಸಿದರೆ ಮುಗಿಯಿತು ಎಂದು. ಇಲ್ಲಿ ಶಿಕ್ಷೆ ಅನುಭವಿಸಿದವಳು ಅವಳು. ನನಗೆ ಸಿಕ್ಕದ್ದು ಅರ್ಧ ರೊಟ್ಟಿ, ಒಣ ಖಾರ, ಮೂಡಲಗಿಯವರೆಗೆ ಲಖನನ ಬೈಕು. ದಾರಿಯುದ್ದಕ್ಕೂ ನನಗೆ ಹಗುರವಾಗಿತ್ತು. ಇಷ್ಟು ಸುಲಭವಾಗಿ ಹಗುರವಾಗುವ ಹಕ್ಕು ನನಗಿದೆಯೇ ಎಂದು ಕೇಳಿಕೊಂಡೆ. ಹಗುರ ಮಾತ್ರ ಹೋಗಲಿಲ್ಲ.

ಇವತ್ತು ಅಮಾವಾಸ್ಯೆ. ಬೆಳಗಿನಿಂದ ಫೋನಿನ ಕಡೆಯೇ ನೋಡುತ್ತ ಕೂತಿದ್ದೆ. ಒಂದು ಗಂಟೆಗೆ ವಿಡಿಯೋ ಕರೆ ಬಂತು. ಮೊದಲು ಆಕಾಶ ಕಂಡಿತು, ಆಮೇಲೆ ಅರ್ಧ ಮೂಗು, ಆಮೇಲೆ ತಾಟು. ಹಿರಿಯರಿಗೆ ಎಡೆ ಹಿಡಿದ ಹೋಳಿಗೆ.

"ಕಾಣತೈತೇನ್ರಿ? ನೋಡ್ರಿ, ತಿನ್ನಾಕತ್ತೇನಿ. ಆಮ್ಯಾಲ ತಿಂದಿಲ್ಲಂತ ನೀವೂ ನಿಮ್ಮ ಶೈಲಾನೂ ಕೂಡಿ ಕಾಗದಾ ಬರಕೋತ ಕುಂದರಬ್ಯಾಡ್ರಿ."

ಹಿಂದಿನಿಂದ ಕರೆವ್ವನ ಧ್ವನಿ: "ಅತ್ತಿ, ಅರ್ಧಾ ಅಂದಿದ್ದೆ! ಸಕ್ಕರಿ ಐತಿ ನಿನಗ!"

"ಅರ್ಧಾನ ಐತಿ ಬಿಡ. ಇನ್ನರ್ಧಾ ಹೊಟ್ಟ್ಯಾಗ ಐತಿ."

ಅವಳು ಅಗಿಯುವುದನ್ನು ನಾನು ನೋಡಿದೆ. ಒಂದು ಕಾಲದಲ್ಲಿ ನನ್ನ ಅಂಗಡಿಯಲ್ಲಿ ಒಂದು ಫೋಟೋ ತೆರೆಯಲು ಹತ್ತು ನಿಮಿಷ ಕಾಯುತ್ತಿದ್ದೆವು. ಇವತ್ತು ಮೂಡಲಗಿಯ ಹೊಲದಲ್ಲಿ ನಿಮ್ಮವ್ವ ಹೋಳಿಗೆ ತಿನ್ನುವುದನ್ನು ಗೋಕಾಕದ ನನ್ನ ಅಡುಗೆಮನೆಯಲ್ಲಿ, ತುತ್ತು ತುತ್ತಾಗಿ, ಪೂರ್ತಿ ನೋಡಿದೆ. ಅತ್ತೆಯೂ ಬಂದು ನನ್ನ ಹೆಗಲ ಮೇಲಿಂದ ಇಣುಕಿ, "ಯಾರಕಿ? ಛಂದ ಉಣ್ಣಾಕತ್ತಾಳ" ಎಂದರು.

ಕರೆ ಇಡುವ ಮುಂಚೆ, ಶೈಲಾಗೆ ಪತ್ರ ಬರೆಯುತ್ತಿದ್ದೇನೆ, ಇವತ್ತೇ ಮುಗಿಸುತ್ತೇನೆ ಎಂದೆ.

"ಇವತ್ತ ಅಮಾಸಿ ಐತ್ರಿ" ಎಂದಳು ತಟ್ಟನೆ. "ಇವತ್ತ ಕಳಸಬ್ಯಾಡ್ರಿ. ನಾಳೆ ಕಳಸ್ರಿ."

ಪರದೆಯ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವಳು ಅವಳು.

"ಈ ಸಲ ನಾಳೆ ಅಂದ್ರ ನಾಳೇನ, ಬಾಯಾರ."

ಗಾಂಧಿ ಜಯಂತಿಯೆಂದು ಪೋಸ್ಟಾಫೀಸಿಗೆ ಇವತ್ತು ಹೇಗೂ ರಜೆ. ಈ ಹಾಳೆಗಳ ಫೋಟೋ ತೆಗೆದು ಈಗಲೇ ನಿನಗೆ ಕಳಿಸಬಹುದು, ಒಂದು ಕ್ಷಣದ ಕೆಲಸ. ಕಳಿಸುವುದಿಲ್ಲ. ನಿಮ್ಮವ್ವನಿಗೆ ನಾಳೆ ಎಂದು ಮತ್ತೊಮ್ಮೆ ಮಾತು ಕೊಟ್ಟಿದ್ದೇನೆ. ಲಕೋಟೆಗೆ ಅಂಟು ಹಚ್ಚಿ, ಸ್ಟಾಂಪು ಹಚ್ಚಿ, ಚಪ್ಪಲಿಯ ಪಕ್ಕದಲ್ಲಿ ಇಡುತ್ತೇನೆ. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವ ಮೊದಲು, ಯಾರು ಕರೆದರೂ ನಿಲ್ಲದೆ, ನೇರವಾಗಿ ಪೋಸ್ಟಾಫೀಸಿಗೆ.

ನಿನ್ನ
ಪ್ರಣಿತಾ

ಡಬ್ಬಿಗೆ ಹಾಕುವುದು: ನಾಳೆ, ಗುರುವಾರ, 3 ಅಕ್ಟೋಬರ್ 2024.